ಬಿಸಿ ನುಗ್ಗುವ ಮೈಗೆ ಯಾವ ಮಾತ್ರೆ?

ಜುಲೈ ಬಂತೆಂದರೆ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಹೊಲಗಳಲ್ಲಿ ಹೊಗೆಸೊಪ್ಪು ಮುರಿಯುವ ಕೆಲಸ ಜೋರಾಗುತ್ತದೆ. ಮುರಿದು ತಂದ ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಲು ಹೆಂಗಸರು ಸಾಲಾಗಿ ಕೂರುತ್ತಾರೆ. ಆ ಸಾಲಿನಲ್ಲಿರುವ ನಲವತ್ತೇಳರ ಹೆಂಗಸೊಬ್ಬಳಿಗೆ ಇದ್ದಕ್ಕಿದ್ದಂತೆ ಎದೆಯಿಂದ ಕತ್ತಿಗೆ, ಕತ್ತಿನಿಂದ ಮುಖಕ್ಕೆ ಬಿಸಿ ನುಗ್ಗಿ, ರವಿಕೆ ತೊಯ್ಯುವಷ್ಟು ಬೆವರು ಬಂತೆನ್ನಿ. ಪಕ್ಕದಲ್ಲಿ ಸೊಪ್ಪು ಬೇಯಿಸುವ ಬ್ಯಾರನ್ನಿನ ಕಾವು ಅದಕ್ಕೆ ಕಾರಣವಿರಬಹುದು. ಸೊಪ್ಪು ಬೇಯುವ ಕೊನೆಯ ಹಂತದಲ್ಲಿ ಅದರೊಳಗಿನ ಉಷ್ಣಾಂಶ 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರುತ್ತದೆ. ಮಳೆಗೆ ನೆನೆದ ಎಲೆಯಿಂದ ಚರ್ಮದ ಮೂಲಕ ಮೈಗಿಳಿದ ನಿಕೋಟಿನ್ ಕೂಡ ಇರಬಹುದು. ತಲೆಸುತ್ತು, ವಾಂತಿ, ಬೆವರು ತರುವ ಈ ತೊಂದರೆಗೆ ವೈದ್ಯಶಾಸ್ತ್ರದಲ್ಲಿ ಹಸಿ ತಂಬಾಕಿನ ಕಾಯಿಲೆ ಎಂದೇ ಹೆಸರಿದೆ. ಇವೆರಡೂ ಅಲ್ಲದಿದ್ದರೆ, ಅದು ಮುಟ್ಟು ನಿಲ್ಲುವ ಕಾಲದ ಬಿಸಿಯಿರಬಹುದು. ಬ್ಯಾರನ್ನಿನ ಕಾವು ದೂರ ಸರಿದರೆ ಇಳಿಯುತ್ತದೆ, ನಿಕೋಟಿನ್ ತೊಂದರೆ ಒಂದೆರಡು ದಿನದಲ್ಲಿ ಹೋಗುತ್ತದೆ. ಈ ಮೂರನೆಯದು ಮಾತ್ರ ರಾತ್ರಿ ಎರಡು ಗಂಟೆಗೂ ಎಬ್ಬಿಸಿ ಕೂರಿಸುತ್ತದೆ, ವರ್ಷಗಟ್ಟಲೆ.

ಕೆ.ಆರ್. ನಗರದ ಗದ್ದೆಯಲ್ಲಿ ನಾಟಿ ಹಾಕುವವರಿಗೂ ಇದು ಹೊಸದಲ್ಲ. "ವಯಸ್ಸಾಯ್ತಲ್ಲ, ಇದೆಲ್ಲ ಮಾಮೂಲಿ ಕಣಕ್ಕ" ಎಂದು ಜೊತೆಯವರು ಸಮಾಧಾನ ಹೇಳುತ್ತಾರೆ. ಮುಟ್ಟು ನಿಲ್ಲುವುದು ಮಾಮೂಲಿ ನಿಜ. ಆದರೆ ನಿದ್ದೆಗೆಟ್ಟು, ಸಿಡುಕುತ್ತಾ, ಸುಸ್ತಾಗಿ ಬದುಕುವುದನ್ನೂ ಮಾಮೂಲಿ ಎಂದು ಒಪ್ಪಿಕೊಳ್ಳಬೇಕಿಲ್ಲ, ಔಷಧಿ ಇದೆ. ಎರಡು ಬಗೆಯ ಔಷಧಿಗಳ ಹೆಸರು ಹೆಚ್ಚಾಗಿ ಕೇಳಿಬರುತ್ತದೆ: ಹಾರ್ಮೋನ್ ಮತ್ತು ಖಿನ್ನತೆಯ ಮಾತ್ರೆ. ಯಾರಿಗೆ ಯಾವುದು ಎಂಬುದರಲ್ಲಿ ಗೊಂದಲ ದೊಡ್ಡದು.

ಭಾರತದ ಹೆಂಗಸರಿಗೆ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46–47. ಪಶ್ಚಿಮದ ದೇಶಗಳಲ್ಲಿ 51. ಆ ಹೊತ್ತಿಗೆ ಅಂಡಾಶಯ ಈಸ್ಟ್ರೋಜನ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ಮೆದುಳಿನ ತಳಭಾಗದ ಹೈಪೊಥಲಾಮಸ್‌ನಲ್ಲಿ ಈಸ್ಟ್ರೋಜನ್ ಹತೋಟಿಯಲ್ಲಿಟ್ಟಿದ್ದ ಕೆಲವು ನರಕೋಶಗಳು ಆಗ ಅತಿಯಾಗಿ ಚುರುಕಾಗುತ್ತವೆ. ಮೈಯ ಉಷ್ಣತೆಯನ್ನು ಕಾಯುವ ಕೇಂದ್ರ ಇರುವುದೂ ಅಲ್ಲೇ. ಮೊದಲಾದರೆ ಸ್ವಲ್ಪ ಹೆಚ್ಚುಕಡಿಮೆಯನ್ನು ಸಹಿಸುತ್ತಿದ್ದ ಆ ಕೇಂದ್ರ ಈಗ ತೀರಾ ಸಣ್ಣ ಏರಿಕೆಗೂ ಗಾಬರಿಬಿದ್ದು, ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬೆವರು ಸುರಿಸಿಬಿಡುತ್ತದೆ. ಈ ಕೇಂದ್ರದ ಕೆಲಸದಲ್ಲಿ ಸೆರಟೋನಿನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳಿಗೂ ಪಾತ್ರವಿದೆ. ಖಿನ್ನತೆಯ ಮಾತ್ರೆಗಳು ಇವುಗಳ ಮಟ್ಟವನ್ನು ಬದಲಿಸುವುದರಿಂದಲೇ ಮನಸ್ಸಿಗೆ ಏನೂ ಆಗದ ಹೆಂಗಸಿನಲ್ಲೂ ಬೆವರು ಇಳಿಸಬಲ್ಲವು.

ಹಾಗಿದ್ದರೆ ಯಾವುದು ಮೇಲು? ಅಮೆರಿಕದಲ್ಲಿ 339 ಹೆಂಗಸರ ಮೇಲೆ ಇವೆರಡನ್ನೂ ಎದುರುಬದುರು ಇಟ್ಟು ನೋಡಿದ ಪ್ರಯೋಗವೊಂದರ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಅರ್ಧ ಮಿಲಿಗ್ರಾಂ ಈಸ್ಟ್ರಡಯಾಲ್ ಎಂಬ ಈಸ್ಟ್ರೋಜನ್, ಇನ್ನೊಂದಕ್ಕೆ ದಿನಕ್ಕೆ 75 ಮಿಲಿಗ್ರಾಂ ವೆನ್ಲಾಫ್ಯಾಕ್ಸಿನ್ ಎಂಬ ಖಿನ್ನತೆಯ ಮಾತ್ರೆ, ಮತ್ತೊಂದಕ್ಕೆ ಔಷಧಿಯೇ ಇಲ್ಲದ ಹುಸಿ ಮಾತ್ರೆ. ದಿನಕ್ಕೆ ಸುಮಾರು ಎಂಟು ಸಲ ಬರುತ್ತಿದ್ದ ಬಿಸಿ ಎಂಟು ವಾರಗಳಲ್ಲಿ ಹಾರ್ಮೋನ್ ಗುಂಪಿನಲ್ಲಿ ಶೇ 53ರಷ್ಟು, ವೆನ್ಲಾಫ್ಯಾಕ್ಸಿನ್ ಗುಂಪಿನಲ್ಲಿ ಶೇ 48ರಷ್ಟು ಇಳಿಯಿತು. ಹುಸಿ ಮಾತ್ರೆಯವರಲ್ಲೂ ಶೇ 29ರಷ್ಟು ಇಳಿದಿತ್ತು! ಊರಲ್ಲಿ ಯಾರೋ ಕೊಟ್ಟ ಪುಡಿಯಿಂದ ವಾಸಿಯಾಯಿತು ಎನ್ನುವ ಮಾತುಗಳನ್ನು ತೂಗುವಾಗ ಈ ಕೊನೆಯ ಅಂಕಿ ನೆನಪಿರಲಿ.

ಎರಡೂ ಸಮಸಮ ಎಂದು ಇದರಿಂದ ತೀರ್ಮಾನಿಸಿದರೆ ಅವಸರವಾದೀತು. ಅಲ್ಲಿ ಕೊಟ್ಟದ್ದು ಕಡಿಮೆ ಪ್ರಮಾಣದ ಹಾರ್ಮೋನ್. ಹಲವು ಹಾರ್ಮೋನ್ ಪ್ರಯೋಗಗಳನ್ನು ಒಟ್ಟಿಗೆ ತೂಗಿದ 2004ರ ಕಾಕ್ರೇನ್ ವಿಮರ್ಶೆಯಲ್ಲಿ, ಹುಸಿ ಮಾತ್ರೆಗೆ ಹೋಲಿಸಿದರೆ ವಾರದ ಬಿಸಿಯ ಸಂಖ್ಯೆ ಶೇ 75ರಷ್ಟು ತಗ್ಗಿತ್ತು. ಜೊತೆಗೆ ಹಾರ್ಮೋನ್ ಮೂಳೆಯನ್ನೂ ಕಾಪಾಡುತ್ತದೆ, ಯೋನಿಯ ಒಣಗುವಿಕೆ, ಉರಿಯನ್ನೂ ಕಡಿಮೆ ಮಾಡುತ್ತದೆ. ಖಿನ್ನತೆಯ ಮಾತ್ರೆಗೆ ಇವೆರಡೂ ಸಾಧ್ಯವಿಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆ 2015ರ ಮಾರ್ಗಸೂಚಿಯಲ್ಲೇ, ಬರೀ ಬಿಸಿ–ಬೆವರಿಗೆ ಖಿನ್ನತೆಯ ಮಾತ್ರೆಯನ್ನು ಮೊದಲ ಔಷಧಿಯಾಗಿ ಕೊಡುವ ವಾಡಿಕೆ ಬೇಡ ಎಂದು ಹೇಳಿತ್ತು.

ಆದರೂ ಹಾರ್ಮೋನ್ ಎಂದೊಡನೆ ಕ್ಯಾನ್ಸರ್ ಭಯ ಏಕೆ? ಅದರ ಮೂಲ 2002ರ ಜುಲೈನಲ್ಲಿದೆ. 16,608 ಹೆಂಗಸರಿದ್ದ ಅಮೆರಿಕದ ಡಬ್ಲ್ಯು.ಎಚ್.ಐ. (ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್) ಪ್ರಯೋಗವನ್ನು ಆಗ ಅರ್ಧಕ್ಕೇ ನಿಲ್ಲಿಸಲಾಯಿತು. ಈಸ್ಟ್ರೋಜನ್ ಜೊತೆ ಪ್ರೊಜೆಸ್ಟಿನ್ (ಪ್ರೊಜೆಸ್ಟರಾನ್ ಬಗೆಯ ಹಾರ್ಮೋನ್) ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಿತ್ತು. ಎಷ್ಟು ಹೆಚ್ಚು ಎಂಬುದು ಮಾತ್ರ ಸುದ್ದಿಯ ಅಬ್ಬರದಲ್ಲಿ ಮುಳುಗಿತು: ವರ್ಷಕ್ಕೆ 10,000 ಹೆಂಗಸರಲ್ಲಿ 30 ಇದ್ದದ್ದು 38 ಆಗಿತ್ತು. ಪಾರ್ಶ್ವವಾಯು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ಸಹ ಅಷ್ಟಷ್ಟೇ ಹೆಚ್ಚಿದವು. ಸೊಂಟದ ಮೂಳೆ ಮುರಿತ, ದೊಡ್ಡ ಕರುಳಿನ ಕ್ಯಾನ್ಸರ್ ಕಡಿಮೆಯಾದವು. ಇನ್ನೂ ಮುಖ್ಯವಾದದ್ದು, ಅದರಲ್ಲಿದ್ದವರ ಸರಾಸರಿ ವಯಸ್ಸು 63. ನಲವತ್ತೇಳರಲ್ಲಿ ಬೆವರುತ್ತಿರುವವಳಿಗೆ ಆ ಲೆಕ್ಕವನ್ನು ಹಾಗೇ ಹೊಂದಿಸಲಾಗದು. ಅರವತ್ತು ದಾಟದ, ಮುಟ್ಟು ನಿಂತು ಹತ್ತು ವರ್ಷ ಮೀರದ, ಬೇರೆ ಅಪಾಯಗಳಿಲ್ಲದ ಹೆಂಗಸಿಗೆ ಹಾರ್ಮೋನಿನಿಂದ ಲಾಭವೇ ಹೆಚ್ಚು ಎಂಬುದು ಈಗಿನ ತಜ್ಞರ ಸಾಮಾನ್ಯ ನಿಲುವು.

ಗರ್ಭಕೋಶ ಇರುವವರು ಈಸ್ಟ್ರೋಜನ್ ಒಂದನ್ನೇ ತೆಗೆದುಕೊಳ್ಳಬಾರದು. ಗರ್ಭಕೋಶದ ಒಳಪದರದ ಕ್ಯಾನ್ಸರ್ ತಡೆಯಲು ಪ್ರೊಜೆಸ್ಟರಾನ್ ಜೊತೆಗಿರಲೇಬೇಕು. ಸ್ತನ ಕ್ಯಾನ್ಸರ್, ಹೃದಯಾಘಾತ, ಪಾರ್ಶ್ವವಾಯು ಆಗಿದ್ದವರಿಗೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದವರಿಗೆ, ತೀವ್ರ ಯಕೃತ್ತಿನ ಕಾಯಿಲೆ ಇರುವವರಿಗೆ, ಕಾರಣ ತಿಳಿಯದ ರಕ್ತಸ್ರಾವ ಇರುವವರಿಗೆ ಹಾರ್ಮೋನ್ ಮಾತ್ರೆ ಸಲ್ಲದು.

ಖಿನ್ನತೆಯ ಮಾತ್ರೆ ನಿಜಕ್ಕೂ ಕೈಹಿಡಿಯುವುದು ಇಂಥವರನ್ನೇ. ಸ್ತನ ಕ್ಯಾನ್ಸರಿನಿಂದ ಪಾರಾದವರ ಬಿಸಿಯನ್ನು ವೆನ್ಲಾಫ್ಯಾಕ್ಸಿನ್ ಇಳಿಸುತ್ತದೆ ಎಂದು ಅಮೆರಿಕದ ಮೇಯೊ ಕ್ಲಿನಿಕ್‌ನ ಚಾರ್ಲ್ಸ್ ಲೊಪ್ರಿಂಜಿ ತಂಡ 2000ದಲ್ಲೇ ತೋರಿಸಿತು. ಪ್ಯಾರಾಕ್ಸೆಟಿನ್ ಎಂಬ ಇನ್ನೊಂದು ಖಿನ್ನತೆಯ ಮಾತ್ರೆಗೆ 2013ರಲ್ಲಿ ಅಲ್ಲಿನ ಸರ್ಕಾರ 7.5 ಮಿಲಿಗ್ರಾಂ ಪ್ರಮಾಣದಲ್ಲಿ ಇದೇ ಕೆಲಸಕ್ಕೆ ಒಪ್ಪಿಗೆ ಕೊಟ್ಟಿತು. ಆದರೆ ಸ್ತನ ಕ್ಯಾನ್ಸರಿಗೆ ಟ್ಯಾಮಾಕ್ಸಿಫೆನ್ ಮಾತ್ರೆ ನುಂಗುತ್ತಿರುವವರು ಪ್ಯಾರಾಕ್ಸೆಟಿನ್‌ನಿಂದ ದೂರವಿರಬೇಕು. ಟ್ಯಾಮಾಕ್ಸಿಫೆನ್ ದೇಹದಲ್ಲಿ ಪೂರ್ಣ ಪರಿಣಾಮಕಾರಿಯಾಗಿ ಬದಲಾಗುವುದನ್ನು ಅದು ತಡೆಯುತ್ತದೆ. ವೆನ್ಲಾಫ್ಯಾಕ್ಸಿನ್ ಕೆಲವರಲ್ಲಿ ಬಿ.ಪಿ. ಏರಿಸುತ್ತದೆ. ಯಾವುದೇ ಖಿನ್ನತೆಯ ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಬಾರದು, ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು.

ಮನಸ್ಸೇ ಕುಗ್ಗಿದ್ದರೆ ಲೆಕ್ಕ ಬದಲಾಗುತ್ತದೆ. ಮುಟ್ಟು ಏರುಪೇರಾಗುವ ವರ್ಷಗಳಲ್ಲಿ ಖಿನ್ನತೆ ಬರುವ ಸಂಭವ ಹೆಚ್ಚು. ಯಾವುದರಲ್ಲೂ ಆಸೆಯಿಲ್ಲ, ಅಳು ನಿಲ್ಲುತ್ತಿಲ್ಲ, ಬದುಕೇ ಸಾಕು ಎನ್ನಿಸುತ್ತಿದೆ ಎಂದಾದರೆ ಹಾರ್ಮೋನ್ ಒಂದನ್ನೇ ನಂಬಿ ಕೂರುವಂತಿಲ್ಲ. ಖಿನ್ನತೆಗೆ ಆಪ್ತಸಲಹೆ, ಮಾತ್ರೆ ಎರಡೂ ಬೇಕಾಗಬಹುದು. ಬಿಸಿಯೂ ಇದ್ದರೆ ಹಾರ್ಮೋನನ್ನೂ ಜೊತೆಗೆ ಕೊಡುತ್ತಾರೆ. ಆದರೆ ಬೆವರಿನಿಂದ ನಿದ್ದೆಗೆಟ್ಟು ಸಿಡುಕುವವಳಿಗೆ "ನರದ ವೀಕ್ನೆಸ್" ಎಂದು ನಿದ್ದೆ ಮಾತ್ರೆ ಬರೆದು ಕಳಿಸುವುದು ಚಿಕಿತ್ಸೆಯಲ್ಲ.

ಗರ್ಭಕೋಶ ತೆಗೆಸಿಕೊಂಡವರ ಮಾತು ಬೇರೆಯೇ. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ ಸುಮಾರು ಮೂವರಿಗೆ ಈ ಶಸ್ತ್ರಚಿಕಿತ್ಸೆ ಆಗಿತ್ತು. ಅದರೊಂದಿಗೆ ಅಂಡಾಶಯಗಳನ್ನೂ ತೆಗೆದಿದ್ದರೆ ಮುಟ್ಟು ನಿಲ್ಲುವ ಕಾಲ ಒಂದೇ ದಿನದಲ್ಲಿ ಬಂದಂತೆ. ಬಿಸಿ ಜೋರಾಗಿರುತ್ತದೆ, ಮೂಳೆ ಬೇಗ ಸವೆಯುತ್ತದೆ. ನಲವತ್ತರ ಒಳಗಿನ ಇಂಥವರಿಗೆ, ಬೇರೆ ಅಡ್ಡಿಯಿಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಹಾರ್ಮೋನ್ ಕೊಡಬೇಕು. ಇಲ್ಲಿ ಖಿನ್ನತೆಯ ಮಾತ್ರೆ ಬದಲಿಯಾಗಲಾರದು.

ಆರಂಭದಲ್ಲಿ ಹೇಳಿದ ನಾಲ್ಕೂ ತಾಲ್ಲೂಕುಗಳ ಹೆಂಗಸರು ತಾಲ್ಲೂಕು ಆಸ್ಪತ್ರೆಗೋ ಮೈಸೂರಿನ ಚೆಲುವಾಂಬ ಆಸ್ಪತ್ರೆಗೋ ಹೋದಾಗ ಬಾಯಿಬಿಟ್ಟು ಹೇಳಬೇಕಾದದ್ದು ಕೆಲವಿದೆ: ಕೊನೆಯ ಮುಟ್ಟು ಯಾವಾಗ ಆಯಿತು, ಬಿಸಿ ದಿನಕ್ಕೆಷ್ಟು ಸಲ, ಗರ್ಭಕೋಶ ಮತ್ತು ಅಂಡಾಶಯ ಇವೆಯೇ, ಮನೆಯಲ್ಲಿ ಯಾರಿಗಾದರೂ ಸ್ತನ ಕ್ಯಾನ್ಸರ್ ಆಗಿತ್ತೇ, ಹಸಿ ಸೊಪ್ಪಿನ ಕೆಲಸವಿದೆಯೇ. ರಾತ್ರಿ ಬೆವರಿನ ಜೊತೆ ಜ್ವರ, ಕೆಮ್ಮು ಇದ್ದರೆ, ತೂಕ ಇಳಿದಿದ್ದರೆ ಕ್ಷಯ, ಥೈರಾಯ್ಡ್ ಪರೀಕ್ಷೆ ಮೊದಲು ಆಗಲಿ. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ತಡಮಾಡದೆ ತೋರಿಸಿ. ಮನಸ್ಸಿನ ತೊಂದರೆಗೆ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಕನ್ನಡದಲ್ಲೇ ಮಾತನಾಡುತ್ತಾರೆ, ದುಡ್ಡಿಲ್ಲ.