30–40 ಸೈಟಿಗೆ ಯಾವ ಮರ, ಯಾವ ಹೂ?

ಯಲಹಂಕದಲ್ಲಿ ಹೊಸ ಮನೆ. ಸೈಟು 30–40, ಗೇಟಿನ ಪಕ್ಕ ಉಳಿದಿರೋದು ನಾಲ್ಕಡಿ ಮಣ್ಣು. ನರ್ಸರಿಯಲ್ಲಿ ಕಣ್ಣಿಗೆ ಬೀಳೋದು ಗುಲ್‌ಮೊಹರ್. ಬೇಡ! ಮೇ ತಿಂಗಳ ಮಳೆಗಾಳಿಗೆ ಅದರ ಕೊಂಬೆ ಸಲೀಸಾಗಿ ಮುರಿಯುತ್ತೆ, ಕೆಳಗೆ ನಿಮ್ಮ ಕಾರಿರುತ್ತೆ.

1908ರಲ್ಲಿ ಲಾಲ್‌ಬಾಗಿಗೆ ಬಂದ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಅವರು, ಒಂದು ಮರ ಹೂ ಮುಗಿಸೋ ಹೊತ್ತಿಗೆ ಇನ್ನೊಂದು ಅರಳೋ ಹಾಗೆ ಬೆಂಗಳೂರಿನ ಬೀದಿಗಳಿಗೆ ಮರ ಆರಿಸಿದ್ರು. ಅದೇ ಲೆಕ್ಕ ಅಂಗಳಕ್ಕೂ ಹಾಕಿ. ಬೇಸಿಗೆಗೆ ದೇವಕಣಗಿಲೆ, ಮಳೆಗಾಲ ಮುಗಿಯೋ ಹೊತ್ತಿಗೆ ಪಾರಿಜಾತ. ಎರಡೂ ಪುಟ್ಟ ಮರಗಳೇ. ಹೊಂಗೆ, ಹೊಳೆದಾಸವಾಳ ಚೆಂದವೇ, ಆದ್ರೆ ಅವಕ್ಕೆ ರಸ್ತೆಬದಿಯಷ್ಟು ಜಾಗ ಬೇಕು.

ಗುಂಡಿ ಎರಡಡಿ ತೋಡಿ ನೋಡಿ. ಮನೆ ಕಟ್ಟಿದವರು ಬಿಟ್ಟುಹೋದ ಜಲ್ಲಿ, ಸಿಮೆಂಟ್ ಹೆಂಟೆ, ಟೈಲ್ಸ್ ಚೂರು ಎಲ್ಲ ಅಲ್ಲೇ ಇರುತ್ತೆ. ಪೂರ್ತಿ ಆರಿಸಿ ತೆಗೆದು, ಕೆಂಪು ಮಣ್ಣು, ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿಸಿ.

ಇನ್ನು ಹೂವು. ಜುಲೈ ಶುರುವಿನಲ್ಲಿ ಚೆಂಡುಹೂವಿನ ಬೀಜ ಹಾಕಿ, ತಿಂಗಳೊಳಗೆ ಸಸಿ ಕಿತ್ತು ನೆಡಿ. ಗೇಣುದ್ದ ಆದಾಗ ತುದಿಯ ಕುಡಿ ಚಿವುಟಿ. ಕೈ ಬರಲ್ಲ ನಿಜ, ಆದ್ರೆ ಪಕ್ಕದ ಕವಲು ಒಡೆಯೋದೇ ಆಗ. ಆಯುಧಪೂಜೆಗೆ ಗಾಡಿ ಹಾರ ಮನೇದೇ! ಆಸ್ಟರ್ ಬೇಕಾದ್ರೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿ ಕೇಳಿ: ಕಡು ಗುಲಾಬಿಗೆ ಕಾಮಿನಿ, ಬಿಳಿಗೆ ಪೂರ್ಣಿಮಾ. ಪೆಟೂನಿಯಾ ಚಳಿಗಾಲದ್ದು. ಮಾರ್ಚ್‌ನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ.