ಕಾಯಿಲ್ ಕಾದಾಗ

ಅಫಜಲಪುರ, ಜೇವರ್ಗಿಯ ಭೀಮಾ ದಂಡೆಯಲ್ಲಿ, ಆಳಂದದ ಬೋರ್‌ವೆಲ್ ಹೊಲಗಳಲ್ಲಿ ಪಂಪ್‌ಸೆಟ್ ಓಡುವ ತನಕ ರಿವೈಂಡಿಂಗ್ ಅಂಗಡಿಗಳಿಗೆ ಕೆಲಸ ತಪ್ಪುವುದಿಲ್ಲ. ಸುಟ್ಟ ಮೋಟರ್ ಬಿಚ್ಚಿದ ಮಿಸ್ತ್ರಿ ಮೊದಲು ಮೂಸುತ್ತಾನೆ, ಆಮೇಲೆ ಕಪ್ಪು ಎಲ್ಲೆಲ್ಲಿ ಹತ್ತಿದೆ ಎಂದು ನೋಡುತ್ತಾನೆ. ಸ್ಟಾರ್ ಜೋಡಣೆಯಲ್ಲಿ ಎರಡು ಫೇಸ್‌ನ ಸುರುಳಿ ಕರಕಲಾಗಿ ಮೂರನೆಯದು ಹೊಳೆಯುತ್ತಿದ್ದರೆ, ಒಂದು ಫೇಸ್ ಕೈಕೊಟ್ಟಿತ್ತೆಂದೇ ಲೆಕ್ಕ. ಒಂದೇ ಕಡೆ ಬೊಟ್ಟಿನಷ್ಟು ಸುಟ್ಟಿದ್ದರೆ ಒಂದು ಸುತ್ತು ಇನ್ನೊಂದಕ್ಕೆ ತಾಗಿದೆ. ಎಲ್ಲವೂ ಸಮನಾಗಿ ಕಪ್ಪಾಗಿದ್ದರೆ ಹೊರೆ ಹೆಚ್ಚಾಗಿದೆ, ಇಲ್ಲವೇ ವೋಲ್ಟೇಜ್ ಬಿದ್ದಿದೆ.

ಹವ್ಯಾಸಿ ರೇಡಿಯೋ, ಅಂದರೆ ಹ್ಯಾಮ್ ರೇಡಿಯೋ ಹುಚ್ಚಿನವರು ಕಾಯಿಲ್ ಸುತ್ತುವುದೂ ಇದೇ ಎನಾಮಲ್ ತಂತಿಯಿಂದ. ಬಿಸಿಯ ಜಾಡು ಹಿಡಿಯುವ ವಿದ್ಯೆಯೂ ಅದೇ. ತಾಮ್ರದ ಸ್ವಭಾವ ಮಾತ್ರ ಬೇರೆ. ಪಂಪಿನ 50 ಹರ್ಟ್ಸ್ ಕರೆಂಟ್ ತಂತಿಯ ಮೈತುಂಬ ಹರಿಯುತ್ತದೆ. ಕಲಬುರಗಿ ಆಕಾಶವಾಣಿಯ 1107 ಕಿಲೋಹರ್ಟ್ಸ್‌ಗೆ ಬಂದರೆ ಅದು ಮೇಲಿನ 0.06 ಮಿ.ಮೀ. ಪದರಕ್ಕೆ ಸರಿಯುತ್ತದೆ, ಹ್ಯಾಮ್‌ಗಳ 7 ಮೆಗಾಹರ್ಟ್ಸ್‌ನಲ್ಲಿ 0.025ಕ್ಕೆ. ಒಳಗಿನ ತಾಮ್ರವೆಲ್ಲ ಕೂತು ಉಣ್ಣುವ ಅಳಿಯ! ಸುತ್ತುಗಳನ್ನು ಒತ್ತೊತ್ತಾಗಿ ಕೂರಿಸಿದರೆ ಇದ್ದ ದಾರಿಯೂ ಕಿರಿದಾಗುತ್ತದೆ. ಅದಕ್ಕೇ ಒಂದು ತಂತಿಯಷ್ಟು ಸಂದು ಬಿಟ್ಟು ಸುತ್ತುವುದು.

ಆದರೂ ಎಲ್ಲ ತಪ್ಪನ್ನೂ ತಂತಿಯ ತಲೆಗೆ ಕಟ್ಟಬಾರದು. ಸ್ವಲ್ಪ ಹೊತ್ತು ಪ್ರಸಾರ ಮಾಡಿ, ಸ್ವಿಚ್ ಆರಿಸಿ, ಆಮೇಲೆ ಕಾಯಿಲ್ ಮುಟ್ಟಬೇಕು; ಪ್ರಸಾರ ನಡೆದಿರುವಾಗ ಮುಟ್ಟಿದರೆ ಬೆರಳು ಸುಟ್ಟೀತು. ತಂತಿಗಿಂತ, ಅದನ್ನು ಸುತ್ತಿದ ನಡುವಿನ ರಿಂಗ್ ಹೆಚ್ಚು ಕಾದಿದ್ದರೆ ಕಳ್ಳ ಅಲ್ಲೇ ಸಿಕ್ಕ. ನನ್ನ ಮೊದಲ ಕಾಯಿಲ್ ಹಾಗೇ ಕಾದಿತ್ತು. ಗುಜರಿ ಕಂಪ್ಯೂಟರಿನ ಪವರ್ ಸಪ್ಲೈಯಿಂದ ಕಿತ್ತ, ಒಂದು ಮಗ್ಗುಲು ಬಿಳಿಯಾದ ಹಳದಿ ರಿಂಗ್ ಅದು. ತನ್ನ ಮನೆಯಲ್ಲಿ ತಣ್ಣಗಿದ್ದದ್ದು 7 ಮೆಗಾಹರ್ಟ್ಸ್‌ಗೆ ಒಲೆಯಾಗಿ ಕೂತಿತು. ಅಲ್ಲಿಗೆ ಬೇಕಾದದ್ದು ಕೆಂಪು ಬಣ್ಣದ ಕಬ್ಬಿಣಪುಡಿ ರಿಂಗ್. ಸರಿಯಾದ ರಿಂಗೂ ಕಾದರೆ ದೊಡ್ಡದು ಹಾಕಿ, ಇಲ್ಲವೇ ಸುತ್ತು ಹೆಚ್ಚಿಸಿ ಕೆಪಾಸಿಟರನ್ನು ಮತ್ತೆ ಹೊಂದಿಸಬೇಕು.

ಬಿಸಿ ತುದಿಯಲ್ಲಷ್ಟೇ ಇದ್ದರೆ ಎನಾಮಲ್ ಪೂರ್ತಿ ಕೆರೆಯದೆ ಬೆಸುಗೆ ಹಾಕಿರುತ್ತೇವೆ. ಅವಸರದವರ ರೋಗ ಇದು.

ಎಲ್ಲಕ್ಕಿಂತ ಸತಾಯಿಸುವುದು, ಮೇಜಿನ ಮೇಲೆ ತಣ್ಣಗಿದ್ದು ಡಬ್ಬಿ ಮುಚ್ಚಿದೊಡನೆ ಇಡಿಯಾಗಿ ಬಿಸಿಯಾಗುವ ಕಾಯಿಲ್. ರಿಂಗ್ ಇಲ್ಲದೆ ಗಾಳಿಯಲ್ಲೇ ಸುತ್ತಿದ ಕಾಯಿಲ್‌ಗೆ ಡಬ್ಬಿಯ ತಗಡೇ ಶಾರ್ಟಾದ ಇನ್ನೊಂದು ಸುತ್ತು. ಕಾಯಿಲ್ ಎಷ್ಟು ಅಗಲವೋ ಅಷ್ಟಾದರೂ ದೂರದಲ್ಲಿ ತಗಡು ನಿಂತರೆ ಸಮಾಧಾನ.