ಮೂಲೆಮಟ್ಟಕ್ಕೆ ಕೂರದ ಗೋಡೆ

ಬೆಂಗಳೂರಿನ ರಿಚರ್ಡ್ಸ್ ಟೌನ್‌ನ ಹಳೆಯ ಬಂಗಲೆಗಳು ಒಂದೊಂದಾಗಿ ಅಪಾರ್ಟ್‌ಮೆಂಟ್‌ಗಳಾಗುತ್ತಿವೆ. ಉಳಿದ ಕೆಲವಕ್ಕೆ ಇನ್ನೂ ಮಂಕಿ ಟಾಪ್ ಇದೆ: ಕಿಟಕಿಯ ಮೇಲೆ ಮರದ ಸಣ್ಣ ಪಟ್ಟಿಗಳನ್ನು ಸಾಲಾಗಿ ಹೊಡೆದು ಮುಂದಕ್ಕೆ ಚಾಚಿದ, ನೆತ್ತಿ ಚೂಪಾದ ಮರೆ. ಒಳಗೆ ರೆಡ್ ಆಕ್ಸೈಡ್ ನೆಲ, ಎತ್ತರದ ಸೂರು, ದಪ್ಪ ಗಾರೆ ಗೋಡೆ. ಬಡಾವಣೆಗೆ ಹೆಸರು ಕೊಟ್ಟ ಎಫ್.ಜೆ. ರಿಚರ್ಡ್ಸ್ ಕಂಟೋನ್ಮೆಂಟಿನ ಕಲೆಕ್ಟರ್ ಆಗಿದ್ದವರು. 1909ರಲ್ಲಿ ಇತಿಹಾಸ ಸಂಶೋಧನೆಯ ಮಿಥಿಕ್ ಸೊಸೈಟಿ ಹುಟ್ಟಿದ್ದು ಅವರ ಮುಂದಾಳತ್ವದಲ್ಲಿ. ಹಳೆಯದನ್ನು ದಾಖಲಿಸುವ ಗೀಳು ಅವರಿಗಿತ್ತು. ಅವರ ಹೆಸರಿನ ಬಡಾವಣೆಯ ಮನೆಗಳೇ ಈಗ ದಾಖಲೆಗೆ ಕಾದಿವೆ.

ಒಳಾಂಗಣ ವಿನ್ಯಾಸದ ವಿದ್ಯಾರ್ಥಿಗೆ ಇಂಥ ಕೋಣೆಯೊಂದು ಸಿಕ್ಕರೆ ಅರ್ಧ ಪಾಠ ಅಲ್ಲೇ ಆಗುತ್ತದೆ. ಇದ್ದ ಕಟ್ಟಡವನ್ನು ಅಳೆದು ನಕ್ಷೆ ಬರೆಯುವ ‘ಮೆಷರ್ಡ್ ಡ್ರಾಯಿಂಗ್’ ಕೋರ್ಸಿನ ಬುನಾದಿ. ನಾಲ್ಕು ಗೋಡೆ ಅಳೆದರೆ ಮುಗಿಯಿತು ಎಂದುಕೊಂಡವರು ಕರ್ಣ ಹಿಡಿದಾಗ ತಬ್ಬಿಬ್ಬಾಗುತ್ತಾರೆ. ಈ ಮೂಲೆಯಿಂದ ಆ ಮೂಲೆಗೆ ಟೇಪ್ ಎಳೆದರೆ ಒಂದು ಅಳತೆ, ಉಳಿದೆರಡು ಮೂಲೆಗಳ ನಡುವೆ ಎಳೆದರೆ ಮತ್ತೊಂದು. ಕೋಣೆ ಆಯತವೇ ಅಲ್ಲ! ಕಂಪ್ಯೂಟರಿನಲ್ಲಿ ಗೋಡೆಯಿಂದ ಗೋಡೆಗೆ ಅಚ್ಚುಕಟ್ಟಾಗಿ ಕೂತ ವಾರ್ಡ್‌ರೋಬ್ ಇಲ್ಲಿ ಒಳಗೇ ಹೋಗದು. ಮೂಲೆಮಟ್ಟ ಹಿಡಿದ ಬಡಗಿ ಮೇಸ್ತ್ರಿಗೆ ಇದು ಹೊಸದಲ್ಲ. ಪಕ್ಕದಲ್ಲಿ ಫಿಲ್ಲರ್ ಪಟ್ಟಿಯೊಂದಕ್ಕೆ ಜಾಗ ಬಿಟ್ಟು, ಗೋಡೆಯ ಓರೆಗೆ ತಕ್ಕಂತೆ ಅದನ್ನು ಕೊರೆದು ಕೂರಿಸುತ್ತಾರೆ. ಆ ಜಾಗವನ್ನು ನಕ್ಷೆಯಲ್ಲೇ ಬಿಟ್ಟವರು ಸೈಟಿನಲ್ಲಿ ಮರ್ಯಾದೆ ಉಳಿಸಿಕೊಳ್ಳುತ್ತಾರೆ. ನಕ್ಷೆಯ ಮಿಲಿಮೀಟರು ಮೇಸ್ತ್ರಿಯ ಬಾಯಲ್ಲಿ ಇಂಚು, ಸೂತ ಆಗುತ್ತದೆ. ಎಂಟು ಸೂತಕ್ಕೆ ಒಂದು ಇಂಚು. ಎರಡೂ ಲೆಕ್ಕ ನಾಲಿಗೆಯ ತುದಿಯಲ್ಲಿರಬೇಕು.

ಈ ವಿದ್ಯೆಯ ಒಂದು ಬೇರು ಗೃಹವಿಜ್ಞಾನದಲ್ಲಿದೆ. ಮನೆಯ ನಿರ್ವಹಣೆಯ ಪಾಠದೊಳಗೆ ಪೀಠೋಪಕರಣ, ಬಣ್ಣ, ಬೆಳಕು ಸೇರಿಕೊಂಡಿದ್ದವು. ಹೆಣ್ಣುಮಕ್ಕಳ ಕಾಲೇಜಿನ ಅಲಂಕಾರದ ವಿಷಯವೆಂಬ ಹಣೆಪಟ್ಟಿ ಅಂಟಿದ್ದೂ ಹಾಗೆಯೇ. ಅಹಮದಾಬಾದಿನ ಸೆಪ್ಟ್‌ನಲ್ಲಿ 1991ರಲ್ಲಿ ಒಳಾಂಗಣ ವಿನ್ಯಾಸಕ್ಕೇ ಪ್ರತ್ಯೇಕ ಶಾಲೆ ತೆರೆಯಿತು. ಬೆಂಗಳೂರಿನಲ್ಲಿ 1996ರಲ್ಲಿ ಆರಂಭವಾದ ಯಲಹಂಕದ ಸೃಷ್ಟಿಯಂಥ ವಿನ್ಯಾಸ ಶಾಲೆಗಳು ಬಂದ ಮೇಲೆ ಆ ಹಣೆಪಟ್ಟಿ ಕಳಚತೊಡಗಿತು.

ಪದವಿ ಇಲ್ಲದಿದ್ದರೆ? ಕಾನೂನೇನೂ ತಡೆಯದು. 1972ರ ವಾಸ್ತುಶಿಲ್ಪಿಗಳ ಕಾಯ್ದೆ ‘ಆರ್ಕಿಟೆಕ್ಟ್’ ಎಂಬ ಬಿರುದನ್ನಷ್ಟೇ ಕಾಯುತ್ತದೆ. ಒಳಾಂಗಣ ವಿನ್ಯಾಸಕರಿಗೆ ಅಂಥ ಶಾಸನಬದ್ಧ ನೋಂದಣಿ ಇಲ್ಲ. ಅದೇ ವರ್ಷ ಹುಟ್ಟಿದ ಐಐಐಡಿ ವೃತ್ತಿಪರರದೇ ಸಂಘ. ಬೋರ್ಡು ಯಾರು ಬೇಕಾದರೂ ಹಾಕಬಹುದು, ಹಾಕಿಯೂ ಇದ್ದಾರೆ.

ವ್ಯತ್ಯಾಸ ಬಯಲಾಗುವುದು ಸಾಮಾನಿನ ಪಟ್ಟಿಯಲ್ಲಿ. ‘ಪ್ಲೈವುಡ್’ ಎಂದಷ್ಟೇ ಬರೆದರೆ ಅಂಗಡಿಯವರು ಅಗ್ಗದ್ದನ್ನೇ ಕೊಟ್ಟಾರು. ಸಿಂಕ್ ಕೆಳಗಿನ ಕಪಾಟಿಗೆ ಐಎಸ್ 303ರ ಬಿಡಬ್ಲ್ಯುಆರ್ (ಕುದಿನೀರು ತಡೆಯುವ) ದರ್ಜೆಯದೋ ಐಎಸ್ 710ರ ಮೆರೀನ್ ಪ್ಲೈಯೋ, ದಪ್ಪ ಎಷ್ಟು, ಎಂಟಡಿ-ನಾಲ್ಕಡಿಯ ಹಾಳೆ ಎಷ್ಟು, ಕತ್ತರಿಸಿ ಉಳಿಯುವ ತುಂಡು ಎಲ್ಲಿಗೆ ಎಂಬುದೆಲ್ಲ ಕಾಗದದ ಮೇಲೆ ಇರಬೇಕು. ಮಲ್ಲೇಶ್ವರದಲ್ಲಿ ಮರದ ಮೇಲೆಯೇ ಸಂಶೋಧನೆ ನಡೆಸುವ ಕೇಂದ್ರೀಯ ಸಂಸ್ಥೆ ಇರುವ ಊರಿದು. ವಿದ್ಯಾರ್ಥಿಗಳು ಪಿಂಟರೆಸ್ಟ್ ಬಿಟ್ಟು ಒಮ್ಮೆ ಅತ್ತ ಹೋಗಿಬಂದರೆ ನಷ್ಟವಿಲ್ಲ.

ಹಳೆಯ ಬಂಗಲೆಗೆ ಕೈಹಾಕುವಾಗ ಇನ್ನೊಂದು ಗಡಿ ಗೊತ್ತಿರಬೇಕು. ಹಾಲ್ ದೊಡ್ಡದಾಗಲಿ ಎಂದು ಮನೆಯವರು ನಡುಗೋಡೆ ಒಡೆಸಲು ಕೇಳುತ್ತಾರೆ. ಇಲ್ಲಿ ಪಿಲ್ಲರುಗಳಿಲ್ಲ, ಸೂರಿನ ಭಾರ ಹೊತ್ತಿರುವುದು ಗೋಡೆಯೇ. ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಿ ಬರವಣಿಗೆಯಲ್ಲಿ ಒಪ್ಪುವ ತನಕ ಸುತ್ತಿಗೆ ಎತ್ತುವಂತಿಲ್ಲ.